ದಡಾರ ಇರಬಹುದು

ನನ್ನ ಕೆಲಸ ಏನೆಂದು ಯಾರಿಗಾದರೂ ವಿವರಿಸಿ ಮುಗಿಸುವಷ್ಟರಲ್ಲಿ ಅವರಿಗೆ ಆಕಳಿಕೆ ಬಂದಿರುತ್ತದೆ. ಡಾಕ್ಟರು ರೋಗಿಯನ್ನು ನೋಡುತ್ತಾರೆ, ನೋಡಿದ್ದನ್ನು ಬರೆಯುತ್ತಾರೆ. ಬರೆದದ್ದು ನನ್ನ ಮೇಜಿಗೆ ಬರುತ್ತದೆ. ನಾನು ಅದನ್ನು ಓದಿ, ಆ ಕಾಯಿಲೆಗೆ ಇರುವ ಕೋಡನ್ನು ಕಂಪ್ಯೂಟರಿಗೆ ಹಾಕುತ್ತೇನೆ. ಕೆಮ್ಮಿಗೆ ಒಂದು ಕೋಡು, ನಾಯಿ ಕಚ್ಚಿದರೆ ಒಂದು, ಏಣಿಯಿಂದ ಬಿದ್ದರೆ ಇನ್ನೊಂದು. ನಮ್ಮ ಅತ್ತೆ ಒಮ್ಮೆ, "ಸೊಸೆ ಮಾತು ಕೇಳಿ ಕೇಳಿ ತಲೆನೋವು ಬಂದ್ರೆ ಯಾವ ನಂಬರಮ್ಮ?" ಎಂದು ಕೇಳಿದ್ದರು. ಅದಕ್ಕೂ ಇದೆ, ಆದರೆ ಮೊದಲು ಡಾಕ್ಟರು ಬರೆದುಕೊಡಬೇಕು ಎಂದಿದ್ದೆ.

ಹನ್ನೊಂದು ವರ್ಷ ನಾನು ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ ಕೂತು ಒಳರೋಗಿಗಳ ಫೈಲು ನೋಡಿದವಳು. ಅಂದರೆ ಹಾಸಿಗೆ ಹಿಡಿದು, ನಾಲ್ಕಾರು ದಿನ ಇದ್ದು, ಮನೆಗೆ ಹೋದವರ ಫೈಲು. ಹನ್ನೊಂದು ವರ್ಷದಲ್ಲಿ ತಪ್ಪು ಎಂದು ನನ್ನ ಒಂದು ಫೈಲೂ ವಾಪಸು ಬಂದಿರಲಿಲ್ಲ. ಇದನ್ನು ನಾನು ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ಬೇರೆಯವರ ತಪ್ಪು ಹುಡುಕುವುದರಲ್ಲಂತೂ ನಾನು ಎತ್ತಿದ ಕೈ. ಸಿಟ್ಟು ಬೇರೆ ಮೂಗಿನ ತುದಿಯಲ್ಲೇ ಇರುತ್ತದೆ. ಎಂದಮೇಲೆ ನನ್ನ ಪಕ್ಕದ ಕುರ್ಚಿ ಸದಾ ಖಾಲಿ ಇರುತ್ತಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಈ ಘಟನೆಗೆ ಮೂರು ವಾರ ಮೊದಲು ನನ್ನನ್ನು ಕೆಳಗಿನ ಮಹಡಿಗೆ, ಹೊರರೋಗಿಗಳ ರೆಕಾರ್ಡ್ ರೂಮಿಗೆ ಹಾಕಿದರು. ಅಲ್ಲಿದ್ದ ಹಿರಿಯರೊಬ್ಬರು ನಿವೃತ್ತರಾಗಿದ್ದರು. ಬೆಳಿಗ್ಗೆ ಬಂದು, ಡಾಕ್ಟರಿಗೆ ತೋರಿಸಿ, ಮಧ್ಯಾಹ್ನ ಮನೆಗೆ ಹೋಗುವವರ ಫೈಲುಗಳು ಅವು. ಒಂದೊಂದು ಅರ್ಧ ಪುಟ. ನಮ್ಮ ಮೇಲಧಿಕಾರಿ ಅಲ್ಲಿನ ನಿಯಮಗಳ ಒಂದು ತೆಳ್ಳನೆಯ ಪುಸ್ತಕ ಕೊಟ್ಟು, "ಓದ್ಕೊಳಿ, ಮೇಲಿನ ಲೆಕ್ಕ ಇಲ್ಲಿ ನಡೆಯಲ್ಲ" ಎಂದರು. ಕಾಗದದ ಮೇಲೆ ಸ್ಟೀಲಿನ ಸ್ಕೇಲು ಇಟ್ಟು ಒಂದೊಂದೇ ಸಾಲು ಓದುವ ಹೆಂಗಸು. ನಾವೆಲ್ಲ ಅವರಿಗೆ ಬೆನ್ನ ಹಿಂದೆ ಸ್ಕೇಲಮ್ಮ ಎನ್ನುತ್ತೇವೆ. ಹೊಳೆ ಈಜಿದವಳಿಗೆ ಬಕೆಟ್ಟಿನ ನೀರು ತೋರಿಸುತ್ತಿದ್ದಾರಲ್ಲ ಎಂದುಕೊಂಡು ನಾನು ಆ ಪುಸ್ತಕವನ್ನು ಕಂಪ್ಯೂಟರಿನ ಅಡಿಗೆ ಇಟ್ಟೆ. ಸ್ಕ್ರೀನು ಸ್ವಲ್ಪ ಕೆಳಗಾಗುತ್ತಿತ್ತು, ಈಗ ಸರಿಯಾಯಿತು.

ಮಂಗಳವಾರ ಮಧ್ಯಾಹ್ನ ಒಂದು ಫೈಲು ಬಂತು. ಶಾಲೆಯ ಬಸ್ಸು ಓಡಿಸುವ ಡ್ರೈವರು, ವಯಸ್ಸು ಮೂವತ್ತೆರಡು. ಅವನ ಬಸ್ಸಿನಲ್ಲಿ ಬರುವ ಮಗುವೊಂದಕ್ಕೆ ದಡಾರ ಎದ್ದಿತ್ತು. ಅದಕ್ಕೇ ಶಾಲೆಯವರು ತಪಾಸಣೆಗೆ ಕಳಿಸಿದ್ದರು. ಡಾಕ್ಟರು ಬರೆದದ್ದು ಇಷ್ಟೇ: ಬಸ್ಸಿನಲ್ಲಿ ದಡಾರದ ಮಗುವಿನ ಸಂಪರ್ಕ. ಬೆಳಿಗ್ಗೆಯಿಂದ ಎರಡು ಮೂರು ಸೀನು. ದಡಾರ ಇರಬಹುದು. ರಕ್ತ ಪರೀಕ್ಷೆಗೆ ಕಳಿಸಿದೆ.

ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಬಿ ಸೊನ್ನೆ ಐದು ಎಂದು ಒತ್ತಿದೆ. ಬಿ ಸೊನ್ನೆ ಐದು ಎಂದರೆ ದಡಾರ. ನಾಲ್ಕನೇ ಮಹಡಿಯಲ್ಲಿ ನಮಗೆ ಅದೇ ಪಾಠ. ಮನೆಗೆ ಕಳಿಸುವ ದಿನವೂ ಡಾಕ್ಟರು 'ನ್ಯುಮೋನಿಯಾ ಇರಬಹುದು' ಎಂದೇ ಬರೆದಿದ್ದರೆ ಅದನ್ನು ನ್ಯುಮೋನಿಯಾ ಎಂದೇ ಹಾಕಬೇಕು. ಐದು ದಿನ ಹಾಸಿಗೆಯಲ್ಲಿಟ್ಟು ನ್ಯುಮೋನಿಯಾಕ್ಕೇ ಔಷಧ ಕೊಟ್ಟಿದ್ದಾರಲ್ಲ, ಇನ್ನು ಅನುಮಾನವೇನು ಎಂಬ ಲೆಕ್ಕ. ಹನ್ನೊಂದು ವರ್ಷದಲ್ಲಿ ಎಷ್ಟು ಸಾವಿರ 'ಇರಬಹುದು'ಗಳನ್ನು ನಾನು 'ಇದೆ' ಮಾಡಿದ್ದೇನೋ. ಕೈ ತಾನಾಗಿ ಓಡಿತು. ಫೈಲು ಮುಚ್ಚಿ ಮುಂದಿನದಕ್ಕೆ ಹೋದೆ.

ಬುಧವಾರ ಬೆಳಿಗ್ಗೆ ಫೋನು ಬಂತು.

"ಎಳೆಗೂಸುಗಳ ವಾರ್ಡಿಂದ ಸಿಸ್ಟರ್ ಮಾತಾಡ್ತಿರೋದು. ಬಸ್ ಡ್ರೈವರ್ ಒಬ್ಬರು, ಇಲ್ಲಿರೋ ಒಂದು ಮಗೂನ ತಂದೆ. ಅವರ ಹೆಸರಿಗೆ ದಡಾರ ಅಂತ ಬಂದಿದೆ. ಅದು ಸರೀನಾ ಅಂತ ಒಂದ್ಸಲ ನೋಡ್ತೀರಾ?"

"ತಪ್ಪಾಗಿದೆ ಅಂತ ನಿಮಗ್ಯಾಕೆ ಅನ್ನಿಸ್ತು?"

"ಮೈ ಮೇಲೆ ಒಂದು ಗುಳ್ಳೆ ಇಲ್ಲ. ಜ್ವರಾನೂ ಇಲ್ಲ."

"ಗುಳ್ಳೆ ನೋಡೋದು ಡಾಕ್ಟರ ಕೆಲಸ ಸಿಸ್ಟರ್. ಅವರು ಬರೆದಿದ್ದನ್ನ ನಾವು ಹಾಕ್ತೀವಿ. ನಾವೇನು ಮನೆಯಿಂದ ತಂದು ಹಾಕ್ತೀವಾ?"

ಅವಳು ಸರಿ ಎಂದು ಫೋನಿಟ್ಟಳು.

ಇಲ್ಲಿ ಒಂದು ವಿಷಯ ಹೇಳಬೇಕು. ಅಂಟುರೋಗದ ಕೋಡು ಹಾಕಿದ ಕೂಡಲೇ ಆ ರೋಗಿಯ ಹೆಸರು ಸೋಂಕು ತಡೆ ವಿಭಾಗದ ಪಟ್ಟಿಗೆ ಹೋಗುತ್ತದೆ. ಪಟ್ಟಿಯಲ್ಲಿರುವವರನ್ನು ಎಳೆಗೂಸುಗಳ ವಾರ್ಡಿನ ಬಾಗಿಲು ದಾಟಲು ಬಿಡುವುದಿಲ್ಲ, ಹೆತ್ತ ತಂದೆಯಾದರೂ ಅಷ್ಟೇ. ಬಾಗಿಲಲ್ಲಿರುವವರಿಗೆ ರೋಗಿಯ ಮುಖಕ್ಕಿಂತ ಪಟ್ಟಿಯ ಮೇಲೆ ನಂಬಿಕೆ ಹೆಚ್ಚು, ಹಾಗೆಯೇ ಇರಬೇಕು ಕೂಡ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ನಾನು ಫೈಲು ತೆಗೆದು ನೋಡಲಿಲ್ಲ.

ಗುರುವಾರ ಅದೇ ಸಿಸ್ಟರ್ ಮತ್ತೆ ಫೋನು ಮಾಡಿದಳು.

"ಬೇಜಾರು ಮಾಡ್ಕೋಬೇಡಿ. ಆ ಡಾಕ್ಟರು ರಜೆ ಮೇಲೆ ಹೋಗಿದಾರೆ, ಕೇಳೋಕೆ ಬೇರೆ ಯಾರೂ ಇಲ್ಲ. ಈ ಮಗು ಏಳು ತಿಂಗಳಿಗೇ ಹುಟ್ಟಿದ್ದು. ಒಂದು ಕಿಲೋ ಇನ್ನೂರು ಗ್ರಾಂ. ತಾಯಿಗೆ ಆಪರೇಷನ್ ಆಗಿ ಎರಡನೇ ಮಹಡೀಲಿ ಮಲಗಿದಾಳೆ, ಏಳೋ ಹಾಗಿಲ್ಲ. ಅಪ್ಪಾನೇ ದಿನಾ ಎರಡು ಗಂಟೆ ಮೈಬಿಸಿಗೆ ಅಂತ ಎದೆ ಮೇಲೆ ಹಾಕ್ಕೊಂಡು ಕೂರ್ತಿದ್ದ. ಈಗ ಮಗೂನ ಬೇರೆ ಕೋಣೆಗೆ ಹಾಕಿದೀವಿ. ಎರಡು ದಿನದಿಂದ ತೂಕ ಏರ್ತಿಲ್ಲ."

"ಪಾಪ ಅನ್ಸತ್ತೆ ಸಿಸ್ಟರ್. ಆದ್ರೆ ಪಾಪ ಅಂತ ಕೋಡ್ ಬದಲಾಯಿಸೋಕಾಗತ್ತಾ? ಹನ್ನೊಂದು ವರ್ಷದಲ್ಲಿ ನನ್ನ ಒಂದು ಫೈಲು ವಾಪಸ್ ಬಂದಿಲ್ಲ."

ಆವತ್ತು ಫೋನು ಇಟ್ಟವಳು ನಾನು, ಅವಳ ಮಾತು ಮುಗಿಯುವ ಮೊದಲೇ. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಅಂದು ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಇದನ್ನೇ ದೊಡ್ಡ ಗಂಟಲಲ್ಲಿ ಹೇಳಿದೆ. ಈ ನರ್ಸುಗಳಿಗೆ ಎಲ್ಲ ತಮಗೇ ಗೊತ್ತು ಎಂಬ ಭಾವನೆ, ನನ್ನ ಕೆಲಸ ನನಗೇ ಹೇಳಿಕೊಡಲು ಬರುತ್ತಾರೆ, ಇತ್ಯಾದಿ. ನಮ್ಮವರು ಎಂದಿನಂತೆ ತಟ್ಟೆ ನೋಡುತ್ತ "ಹೂಂ" ಎಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ಕಲಿತ ವಿದ್ಯೆ ಅದೊಂದೇ.

ಅತ್ತೆ ಮಾತ್ರ ಕೈ ನಿಲ್ಲಿಸಿ ಕೇಳಿದರು. "ಅವಳು ಎರಡು ಸಲ ಫೋನ್ ಮಾಡಿದಳು ಅಂದ್ಯಲ್ಲ. ನೀನು ಎಷ್ಟು ಸಲ ನೋಡಿದೆ?"

"ಏನನ್ನ?"

"ಅದೇ, ಆ ಫೈಲನ್ನ."

"ನೋಡೋ ಅಗತ್ಯ ಇರಲಿಲ್ಲ ಅತ್ತೆ."

"ಸರಿ ಬಿಡಮ್ಮ," ಎಂದು ಅವರು ಊಟ ಮುಂದುವರಿಸಿದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಶುಕ್ರವಾರ ಮಧ್ಯಾಹ್ನ ಮೂರೂವರೆ. ಮುಗಿದ ಫೈಲುಗಳನ್ನು ವಾರಕ್ಕೊಮ್ಮೆ ಒಬ್ಬರದನ್ನು ಇನ್ನೊಬ್ಬರು ನೋಡುವ ಪದ್ಧತಿ ಇದೆ. ನನ್ನ ಪಾಲಿಗೆ ಎಡಚಣ್ಣನ ಫೈಲುಗಳು ಬಂದಿದ್ದವು. ಎಡಗೈಯಲ್ಲಿ ಬರೆಯುತ್ತಾನೆ, ನನಗಿಂತ ಎಂಟು ವರ್ಷ ಚಿಕ್ಕವನು, ಆದರೂ ಇಡೀ ರೂಮಿಗೆ ಅವನು ಎಡಚಣ್ಣ. ಮಾತು ಕಡಿಮೆ. ಅವನ ನಾಲ್ಕನೇ ಫೈಲು ತೆಗೆದೆ: ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ. ದಡಾರದ ಮಗುವಿನ ಸಂಪರ್ಕ. ಗಂಟಲು ಕೆರೆತ. ದಡಾರ ಇರಬಹುದು. ಎಡಚಣ್ಣ ಬಿ ಸೊನ್ನೆ ಐದು ಹಾಕಿರಲಿಲ್ಲ. ಝಡ್ ಇಪ್ಪತ್ತು ಎಂದು ಹಾಕಿದ್ದ. ಅಂದರೆ ಬರೀ ಸಂಪರ್ಕ, ರೋಗವಿಲ್ಲ. ಜೊತೆಗೆ ಗಂಟಲು ಕೆರೆತದ ಕೋಡು.

ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅದೇ ಬಸ್ಸು, ಅದೇ ಡಾಕ್ಟರು, ಅದೇ ಮಾತು! ಸಿಕ್ಕಿಬಿದ್ದ ಎಂದು ಫೈಲು ಹಿಡಿದು ಅವನ ಮೇಜಿನ ಮುಂದೆ ನಿಂತೆ.

"ಏನು ಎಡಚಣ್ಣ, ಡಾಕ್ಟರು ದಡಾರ ಇರಬಹುದು ಅಂತ ಕಣ್ಣಿಗೆ ಹೊಡೆಯೋ ಹಾಗೆ ಬರೆದಿದಾರೆ. ನೀವು ಬರೀ ಸಂಪರ್ಕ ಅಂತ ಹಾಕಿ ಕೈ ತೊಳ್ಕೊಂಡಿದೀರಾ?"

ಅವನು ಫೈಲು ನೋಡಿದ. ನನ್ನ ಮುಖ ನೋಡಿದ. "ಇದು ಹೊರರೋಗಿ ವಿಭಾಗ ಅಲ್ವಾ ಅಕ್ಕಾ," ಎಂದ ಮೆಲ್ಲಗೆ.

"ಆದ್ರೇನು?"

"ಇಲ್ಲಿ ಇರಬಹುದು ಅಂತಿದ್ರೆ ರೋಗ ಹಾಕೋ ಹಾಗಿಲ್ಲ. ಡಾಕ್ಟರು ಅರ್ಧ ಗಂಟೆ ನೋಡಿರ್ತಾರೆ, ಪರೀಕ್ಷೆ ಇನ್ನೂ ಬಂದಿರಲ್ಲ. ಖಚಿತ ಆಗೋವರೆಗೂ ಸಂಪರ್ಕ ಮಾತ್ರ, ಮತ್ತೆ ಏನು ತೊಂದರೆ ಹೇಳ್ಕೊಂಡ್ರೋ ಅದು. ಮೇಲಿನ ಮಹಡಿ ನಿಯಮಾನೇ ಬೇರೆ. ಪುಸ್ತಕದಲ್ಲಿ ಮೊದಲನೇ ಪುಟದಲ್ಲೇ ಇದೆ."

ನನ್ನ ಮೇಜಿಗೆ ಹೋಗಿ ಕಂಪ್ಯೂಟರನ್ನು ಒಂದು ಕೈಯಲ್ಲಿ ಎತ್ತಿ ಪುಸ್ತಕ ಎಳೆದೆ. ಮೊದಲನೇ ಪುಟ, ದಪ್ಪ ಅಕ್ಷರ. ಅಕ್ಷರ ಕಣ್ಣಿಗೆ ಕಂಡರೂ ತಲೆಗೆ ಹೋಗಲಿಲ್ಲ; ಮೂರು ಸಲ ಓದಿದೆ. ಆಮೇಲೆ ಮಂಗಳವಾರದ ಫೈಲು ತೆರೆದೆ. ದಡಾರ ಇರಬಹುದು. ಪಕ್ಕದಲ್ಲಿ ನನ್ನ ಹೆಸರು, ನನ್ನ ಬಿ ಸೊನ್ನೆ ಐದು. ಎರಡು ಸಲ ಕೇಳಿದ ಸಿಸ್ಟರ್, ಏರದ ತೂಕ, ಬೇರೆ ಕೋಣೆಯಲ್ಲಿ ಮಲಗಿದ್ದ ಒಂದು ಕಿಲೋ ಇನ್ನೂರು ಗ್ರಾಂ. ಮೂರು ವಾರದಲ್ಲಿ ಇನ್ನೆಷ್ಟು ಹೀಗೆ ಮಾಡಿದ್ದೇನೋ ಎಂಬ ಯೋಚನೆಯೂ ಬಂತು, ಆದರೆ ಅದಕ್ಕೆ ಆಮೇಲೆ ಅಳಬಹುದಿತ್ತು.

ಎಡಚಣ್ಣ ನನ್ನ ಹಿಂದೆ ಬಂದು ನಿಂತಿದ್ದ. ಸ್ಕ್ರೀನು ನೋಡಿದ. ಬೇರೆ ಯಾರಾದರೂ ಆಗಿದ್ದರೆ ನನಗೆ ಆ ಹೊತ್ತು ಚೆನ್ನಾಗಿ ಬಿಸಿ ಮುಟ್ಟಿಸುತ್ತಿದ್ದರು. ಅವನು, "ಅಕ್ಕಾ, ಇವತ್ತು ಶುಕ್ರವಾರ. ಸೋಂಕು ತಡೆ ಸಿಸ್ಟರ್ ಐದಕ್ಕೆ ಪಟ್ಟಿ ಮುಚ್ಚಿ ಹೋಗ್ತಾರೆ. ಆಮೇಲೆ ಸೋಮವಾರವೇ," ಎಂದ.

ಗಂಟೆ ನಾಲ್ಕು ಹೊಡೆಯಲು ಹತ್ತು ನಿಮಿಷವಿತ್ತು. ಪಟ್ಟಿಗೆ ಹೋದ ಕೋಡನ್ನು ನಾನೊಬ್ಬಳೇ ಬದಲಿಸುವಂತಿಲ್ಲ. ಸ್ಕೇಲಮ್ಮನ ಒಪ್ಪಿಗೆ ಬೇಕು. ಸ್ಕೇಲಮ್ಮ ಮೀಟಿಂಗಿನಲ್ಲಿದ್ದರು. ಬಾಗಿಲು ತಟ್ಟಿ ಒಳಗೆ ಹೋದೆ. ಉದ್ದ ಮೇಜಿನ ಸುತ್ತ ಒಂಬತ್ತು ಜನ, ಎಲ್ಲ ವಿಭಾಗದ ಮುಖ್ಯಸ್ಥರು. ಹೊರಗೆ ಕರೆದು ಹೇಳಬೇಕು ಎಂದೇ ಹೋಗಿದ್ದೆ. ಆದರೆ ಕಾಯುವ ತಾಳ್ಮೆ ಇರಲಿಲ್ಲ.

"ಮೇಡಂ, ನಾನು ತಪ್ಪು ಕೋಡ್ ಹಾಕಿದೀನಿ. ದಡಾರ ಖಚಿತ ಆಗದೇ ಇರೋರಿಗೆ ದಡಾರ ಅಂತ ಹಾಕಿ, ಮೂರು ದಿನದಿಂದ ಅವರ ಮಗು ಹತ್ರ ಹೋಗದ ಹಾಗೆ ಮಾಡಿದೀನಿ."

ಯಾರದೋ ಪೆನ್ನು ಉರುಳಿ ಕೆಳಗೆ ಬಿತ್ತು. ಸ್ಕೇಲಮ್ಮ ಎದ್ದು ಹೊರಗೆ ಬಂದರು. ನಡೆಯುತ್ತಲೇ ಎಲ್ಲ ಹೇಳಿದೆ, ಸಿಸ್ಟರ್ ಎರಡು ಸಲ ಫೋನು ಮಾಡಿದ್ದನ್ನೂ ಸೇರಿಸಿ. ಅದನ್ನು ಬಿಟ್ಟು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಒಂದು ಕ್ಷಣ ಹಾಗೆ ಮಾಡುವ ಮನಸ್ಸೂ ಬಂದಿತ್ತು.

"ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟಿಬಿಟ್ರಾ?" ಎಂದರು ಸ್ಕೇಲಮ್ಮ. "ಅದೂ ಎತ್ತು ಈದಿರಬಹುದು ಅಂತ ಬರೆದಿದ್ರೆ!"

ಅಷ್ಟರಲ್ಲಿ ನನ್ನ ಮೇಜಿನ ಹತ್ತಿರ ಬಂದಿದ್ದೆವು.

"ಬೈಯೋದೆಲ್ಲ ಸೋಮವಾರ ಇಟ್ಕೋಳೋಣ. ಸೋಮವಾರ ನಿಮ್ಮ ಮೂರು ವಾರದ ಅಷ್ಟೂ ಫೈಲು ನನ್ನ ಮೇಜಿಗೆ ಬರಬೇಕು. ಈಗ ಕೂತು ತೆಗೀರಿ ಅದನ್ನ."

ಬಿ ಸೊನ್ನೆ ಐದು ಅಳಿಸಿದೆ, ಝಡ್ ಇಪ್ಪತ್ತು ಹಾಕಿದೆ, ಸೀನಿಗೆ ಇರುವ ಕೋಡು ಹಾಕಿದೆ. ಬದಲಿಸಿದ ಕಾರಣ ಎಂಬಲ್ಲಿ 'ಕೋಡು ಹಾಕಿದವರ ತಪ್ಪು' ಎಂದು ಟೈಪು ಮಾಡಿದೆ. ಸ್ಕೇಲಮ್ಮ ನಿಂತಲ್ಲೇ ಬಗ್ಗಿ ತಮ್ಮ ಒಪ್ಪಿಗೆ ಒತ್ತಿದರು. ಹನ್ನೊಂದು ವರ್ಷದ ಹೆಗ್ಗಳಿಕೆ ಹೋಗಲು ಒಂದು ನಿಮಿಷವೂ ಹಿಡಿಯಲಿಲ್ಲ. ಆ ಗಡಿಬಿಡಿಯಲ್ಲಿ ಅದು ಹೋಗಿದ್ದೇ ನನಗೆ ತಿಳಿಯಲಿಲ್ಲ.

ಲಿಫ್ಟಿಗೆ ಕಾಯದೆ ಮೂರನೇ ಮಹಡಿಗೆ ಮೆಟ್ಟಿಲು ಹತ್ತಿದೆ. ಸೋಂಕು ತಡೆ ಸಿಸ್ಟರ್ ವಯಸ್ಸಾದವರು, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಪಟ್ಟಿ ನೋಡುತ್ತಿದ್ದರು. ನಾನು ಏದುಸಿರು ಬಿಡುತ್ತ ಹೇಳಿದ್ದನ್ನು ಪೂರ್ತಿ ಕೇಳಿದರು.

"ಕೋಡ್ ಬದಲಾಗಿದ್ದು ಸರಿ. ಆದ್ರೆ ಸಂಪರ್ಕ ಸಂಪರ್ಕಾನೇ ಅಲ್ವಾ?" ಎಂದರು. "ಮೈಯಲ್ಲಿ ದಡಾರದ ರಕ್ಷಣೆ ಇಲ್ಲದೇ ಇದ್ರೆ ಈಗಿಲ್ಲದ್ದು ನಾಳೆ ಬರಬಹುದು. ಅಂಥವರು ಇಪ್ಪತ್ತೊಂದು ದಿನ ಹೊರಗೇ ಇರಬೇಕು. ರಕ್ತದ ರಿಪೋರ್ಟ್ ಏನಂತೆ?"

ಅದು ನನಗೆ ಹೊಳೆದೇ ಇರಲಿಲ್ಲ. ನನ್ನ ತಪ್ಪು ತಿದ್ದಿದರೆ ಬಾಗಿಲು ತೆರೆಯುತ್ತದೆ ಎಂದುಕೊಂಡಿದ್ದೆ. ಅವರು ಲ್ಯಾಬಿನ ಪುಟ ತೆರೆದರು. ರಿಪೋರ್ಟು ಗುರುವಾರವೇ ಬಂದು, ರಜೆಯಲ್ಲಿದ್ದ ಡಾಕ್ಟರ ಹೆಸರಿನಲ್ಲಿ ಹಾಗೇ ಬಿದ್ದಿತ್ತು. ಅವರು ಕನ್ನಡಕ ಏರಿಸಿ ಓದತೊಡಗಿದರು. ನಾನು ಮೇಜಿನ ಅಂಚು ಹಿಡಿದುಕೊಂಡು ನಿಂತೆ. ದೇವರನ್ನು ಕರೆಯುವ ಅಭ್ಯಾಸ ನನಗೆ ಅಷ್ಟಾಗಿ ಇಲ್ಲ, ಆದರೂ ಕರೆದೆ.

"ಹೊಸ ಸೋಂಕು ಇಲ್ಲ," ಎಂದರು. ಮತ್ತೆ ಕೆಳಗಿನ ಸಾಲಿಗೆ ಹೋದರು. "ಹಳೇ ರಕ್ಷಣೆ ಇದೆ. ಚೆನ್ನಾಗೇ ಇದೆ. ಚಿಕ್ಕವನಿದ್ದಾಗ ಅವರಮ್ಮ ಸೂಜಿ ತಪ್ಪಿಸಿಲ್ಲ ಅಂತ ಕಾಣತ್ತೆ."

"ಅಂದ್ರೆ?"

"ಅಂದ್ರೆ ಅವನಿಗೂ ಇಲ್ಲ, ಅವನಿಂದ ಯಾರಿಗೂ ಬರಲ್ಲ. ಹೆಸರು ತೆಗೀತಾ ಇದೀನಿ. ಸೀನು ನಿಂತಿದ್ಯಾ ಅಂತ ವಾರ್ಡಲ್ಲಿ ನೋಡ್ಕೊಳ್ಳಿ ಅಂತ ಹೇಳಿ."

ಹೋದ ಜೀವ ಬಂದಂತಾಯಿತು. ಅವರ ಕೈ ಹಿಡಿದು ಕುಲುಕಿದೆನೋ ಕಣ್ಣಿಗೆ ಒತ್ತಿಕೊಂಡೆನೋ ಸರಿಯಾಗಿ ನೆನಪಿಲ್ಲ. ಅವರು, "ಅಯ್ಯೋ ಬಿಡಮ್ಮ, ಮೊದಲು ಹೋಗು," ಎಂದು ನಕ್ಕರು.

ಎಳೆಗೂಸುಗಳ ವಾರ್ಡು ಅದೇ ಮಹಡಿಯ ಆ ಕೊನೆಗೆ. ಆಸ್ಪತ್ರೆ ಸೇರಿದ ಮೇಲೆ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ರೋಗಿಗಳನ್ನು ಕಾಗದದಲ್ಲಿ ಕಂಡವಳೇ ಹೊರತು ಮುಖ ನೋಡಿದವಳಲ್ಲ. ಬಾಗಿಲಲ್ಲಿ ಎತ್ತರದ ಒಬ್ಬ ಸಿಸ್ಟರ್ ಪುಟ್ಟ ಪುಟ್ಟ ಟೋಪಿಗಳನ್ನು ಮಡಿಸಿಡುತ್ತಿದ್ದಳು. ಯಾರು ಬೇಕಿತ್ತು ಎಂದು ಕೇಳಿದಳು; ದನಿ ಕೇಳಿದ ಕೂಡಲೇ ಅವಳೇ ಎಂದು ಗೊತ್ತಾಯಿತು.

"ಸಿಸ್ಟರ್, ರೆಕಾರ್ಡ್ ರೂಮಿಂದ ಬಂದೆ. ಫೋನಲ್ಲಿ ನಿಮ್ಮ ಹತ್ರ ಗಂಟಲು ಮಾಡಿದ್ದು ನಾನೇ. ನೀವು ಕೇಳಿದ್ದೇ ಸರಿ, ನಾನು ಹಾಕಿದ್ದೇ ತಪ್ಪು. ಹೆಸರು ತೆಗೆದಾಗಿದೆ. ಅವರಿಗೆ ಏನೂ ಇಲ್ಲ."

ಅವಳು ಒಂದು ನಿಮಿಷ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೇಳಬೇಕಾದದ್ದು ಅವಳಲ್ಲಿ ಬೇಕಾದಷ್ಟಿತ್ತು ಎಂದು ಕಣ್ಣಲ್ಲೇ ಕಂಡಿತು. "ಮಗೂಗೆ ಮುನ್ನೆಚ್ಚರಿಕೆಗೆ ಅಂತ ಒಂದು ಇಂಜೆಕ್ಷನ್ ಬೇರೆ ಕೊಟ್ವಿ," ಎಂದಳು. "ಅಷ್ಟು ದಪ್ಪ ಕಾಲಿಗೆ," ಎಂದು ತನ್ನ ಕಿರುಬೆರಳು ತೋರಿಸಿದಳು. ನಾನು ಆ ಬೆರಳನ್ನೇ ನೋಡುತ್ತ ನಿಂತೆ. ಆಮೇಲೆ ಅವಳೇ, "ನನಗೆ ಹೇಳಿದ್ದು ಸಾಕು. ಅಲ್ಲಿದಾನೆ ನೋಡಿ, ಅವನಿಗೆ ಹೇಳಿ," ಎಂದಳು.

ವಾರ್ಡಿನ ಉದ್ದಕ್ಕೂ ಗಾಜಿನ ಗೋಡೆ ಇತ್ತು. ಅವನು ಗಾಜಿನ ಬಳಿ ಇರುತ್ತಾನೆ ಎಂದುಕೊಂಡಿದ್ದೆ. ಇರಲಿಲ್ಲ. ಕಾರಿಡಾರಿನ ತೀರಾ ಆ ತುದಿಯಲ್ಲಿ, ಮೆಟ್ಟಿಲ ಪಕ್ಕದ ಕಿಟಕಿಯ ಕೆಳಗೆ ನೆಲದ ಮೇಲೆ ಕೂತಿದ್ದ. ಮುಖಕ್ಕೆ ಒಂದರ ಮೇಲೊಂದು ಎರಡು ಮಾಸ್ಕು. ಎರಡು ಕೈಯನ್ನೂ ಜೇಬಿನೊಳಗೆ ತುರುಕಿಕೊಂಡಿದ್ದ. ನಾನು ಹತ್ತಿರ ಹೋಗುತ್ತಿದ್ದಂತೆ ಗಾಬರಿಯಿಂದ ಎದ್ದು ಗೋಡೆಗೆ ಅಂಟಿ ನಿಂತ.

"ದೂರ ಇರಿ ಮೇಡಂ. ನನಗೆ ದಡಾರ."

"ಇಲ್ಲ," ಎಂದೆ.

"ಇದೆ ಮೇಡಂ, ಕಂಪ್ಯೂಟರಲ್ಲಿ ಬಂದಿದೆ. ನಿಮ್ಮ ಮನೇಲಿ ಮಕ್ಕಳಿದ್ರೆ ಈ ಕಡೆ ಬರಬೇಡಿ."

ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಜೋಡಿಸಿಕೊಂಡು ಬಂದಿದ್ದೆ. ಎಲ್ಲ ಮರೆತುಹೋಯಿತು. "ಇಲ್ಲಪ್ಪ, ನಿಮಗೆ ದಡಾರ ಇಲ್ಲ. ರಕ್ತದ ರಿಪೋರ್ಟ್ ನೋಡ್ಕೊಂಡೇ ಬಂದಿದೀನಿ. ಏನೂ ಇಲ್ಲ," ಎಂದೆ.

ಅವನು ಮಾಸ್ಕಿನ ಮೇಲಿನ ಕಣ್ಣುಗಳಲ್ಲಿ ನನ್ನನ್ನೇ ನೋಡಿದ. "ಹೋಗ್ಬಿಡ್ತಾ?"

"ಹೋಗೋದಲ್ಲ. ಇರಲೇ ಇಲ್ಲ."

"ಮಂಗಳವಾರ ಇತ್ತಲ್ಲ?"

"ಮಂಗಳವಾರಾನೂ ಇರಲಿಲ್ಲ."

"ಮಂಗಳವಾರ ಬೆಳಿಗ್ಗೆ?" ಎಂದು ಮತ್ತೆ ಕೇಳಿದ. "ಸರಿಯಾಗಿ ಹೇಳಿ ಮೇಡಂ. ಮಂಗಳವಾರ ಬೆಳಿಗ್ಗೆ ನಾನು ಅವಳನ್ನ ಎತ್ಕೊಂಡಿದ್ದೆ. ಎಂಟರಿಂದ ಹತ್ತರವರೆಗೆ, ಇಲ್ಲಿ, ಎದೆ ಮೇಲೆ. ಅವಳ ತಲೆ ಮೇಲೇ ಉಸಿರು ಬಿಡ್ತಾ ಇದ್ದೆ."

ಆಗ ನನಗೆ ಅರ್ಥವಾಯಿತು. ಮೂರು ದಿನ ಇವನು ಬಾಗಿಲು ತೆರೆಯಲಿ ಎಂದು ಕಾದು ಕೂತಿರಲಿಲ್ಲ. ಒಳಗಿರುವ ಮಗುವಿನ ಮೈಮೇಲೆ ಗುಳ್ಳೆ ಏಳುವುದನ್ನು ಕಾದು ಕೂತಿದ್ದ. ತಾನೇ ಅಂಟಿಸಿದೆ ಎಂದು ನಂಬಿಕೊಂಡು, ಅದನ್ನು ಯಾರಿಗೂ ಹೇಳದೆ, ಹೆಂಡತಿಯ ಕೋಣೆಗೂ ಹೋಗದೆ, ಈ ಕಿಟಕಿಯ ಕೆಳಗೆ ಕೂತಿದ್ದ. ಇಷ್ಟನ್ನೂ ಮಾಡಿದ್ದು ನನ್ನ ಎರಡು ಬೆರಳು.

"ಮಂಗಳವಾರ ಬೆಳಿಗ್ಗೆಯೂ ಇರಲಿಲ್ಲ," ಎಂದೆ. "ಒಂದು ಗಳಿಗೆಯೂ ಇರಲಿಲ್ಲ. ನಿಮ್ಮಿಂದ ಮಗೂಗೆ ಏನೂ ಆಗಿಲ್ಲ, ಆಗೋದೂ ಇಲ್ಲ. ನಾನು ರೆಕಾರ್ಡ್ ರೂಮಲ್ಲಿ ಕೆಲಸ ಮಾಡೋಳು. ನಿಮ್ಮ ಫೈಲಿಗೆ ತಪ್ಪು ಕೋಡ್ ಹಾಕಿದ್ದು ನಾನು. ಸಿಸ್ಟರ್ ಎರಡು ಸಲ ಕೇಳಿದ್ರು, ಆಗಲೂ ನೋಡಲಿಲ್ಲ. ಎಲ್ಲ ನನ್ನ ತಪ್ಪು."

ಇನ್ನು ಬೀಳುತ್ತದೆ ಎಂದು ಕಾದೆ. ಬೈಗುಳವೋ, ಏಟೋ, ಎರಡಕ್ಕೂ ಸಿದ್ಧಳಾಗಿದ್ದೆ.

"ತಪ್ಪಾ?" ಎಂದ. ಮಾಸ್ಕುಗಳನ್ನು ಗದ್ದಕ್ಕೆ ಇಳಿಸಿದ. "ನೀವು ಮಾಡಿದ ತಪ್ಪಾ? ಬರೀ ತಪ್ಪಾ?" ಜೇಬಿನಿಂದ ಕೈ ತೆಗೆದು ತಲೆಯ ಮೇಲಿಟ್ಟುಕೊಂಡ. ಇಡೀ ಕಾರಿಡಾರಿಗೆ ಕೇಳುವಂತೆ ಕೂಗಿದ, "ಸಿಸ್ಟರ್! ಇವರು ತಪ್ಪು ಮಾಡಿದಾರಂತೆ! ಎಲ್ಲಾ ತಪ್ಪಂತೆ ಸಿಸ್ಟರ್!" ಅಳುತ್ತಿದ್ದನೋ ನಗುತ್ತಿದ್ದನೋ ಹೇಳಲು ಬರುವಂತಿರಲಿಲ್ಲ. ಹನ್ನೊಂದು ವರ್ಷ ಸರಿಯಾಗಿ ಮಾಡಿದ ಒಂದು ಕೆಲಸಕ್ಕೂ ಯಾರೂ ಅಷ್ಟು ಸಂತೋಷಪಟ್ಟಿರಲಿಲ್ಲ. ನನ್ನ ಕಣ್ಣಲ್ಲೂ ನೀರು ಬಂತು; ತಡೆಯಲು ಹೋಗಲಿಲ್ಲ.

ಅವನು ಫೋನು ತೆಗೆದು ಹೆಂಡತಿಗೆ ವೀಡಿಯೊ ಕಾಲ್ ಮಾಡಿದ. "ಲೇ, ನನಗೇನೂ ಇಲ್ವಂತೆ ಕಣೇ! ಪುಟ್ಟೀಗೂ ಏನೂ ಆಗಿಲ್ವಂತೆ! ಫೈಲು ಓದೋದ್ರಲ್ಲಿ ತಪ್ಪು ಮಾಡಿದೋರು ಇಲ್ಲೇ ಇದಾರೆ, ತಗೋ ಮಾತಾಡು," ಎಂದವನೇ ಫೋನನ್ನು ನನ್ನ ಕೈಗಿಟ್ಟು ವಾರ್ಡಿನ ಕಡೆ ಓಡಿದ. ಸಿಸ್ಟರ್ ಅವನನ್ನು ಬಾಗಿಲಲ್ಲಿ ತಡೆದು ಹಣೆ ಮುಟ್ಟಿ ನೋಡಿದಳು, ಸೀನು ಇದೆಯಾ ಎಂದು ಕೇಳಿದಳು, ನಲ್ಲಿ ತೋರಿಸಿದಳು. ಅವನು ಮೊಣಕೈವರೆಗೆ ಸೋಪು ಹಚ್ಚಿ ತೊಳೆದ. ಸಾಕು ಎಂದರೂ ಇನ್ನೊಮ್ಮೆ ತೊಳೆದ.

ಫೋನಿನ ಪರದೆಯಲ್ಲಿ ದಿಂಬಿಗೊರಗಿದ ಹೆಂಗಸೊಬ್ಬಳ ಬಿಳಿಚಿಕೊಂಡ ಮುಖವಿತ್ತು. ಅವಳು ಗಂಡನ ಹಾಗಲ್ಲ.

"ನೀವೇನಾ?" ಎಂದಳು.

"ನಾನೇ ಕಣಮ್ಮ."

"ನಿಮಗೆ ಓದೋಕೆ ಬರಲ್ವಾ? ಮೂರು ದಿನ! ಅವರು ಒಂದು ತುತ್ತು ತಿಂದಿಲ್ಲ, ಗೊತ್ತಾ? ನನ್ನ ಕೋಣೆ ಬಾಗಿಲಿಗೂ ಬಂದಿಲ್ಲ. ಏನಾಗಿದೆ ಅಂತ ಕೇಳಿದ್ರೆ ಫೋನ್ ಕಟ್ ಮಾಡೋರು. ಇಲ್ಲಿ ನಾನೊಬ್ಬಳೇ ಮಲಗಿಕೊಂಡು ಏನೇನು ಯೋಚನೆ ಮಾಡಿರಬೇಕು ಹೇಳಿ? ನನ್ನ ಮಗು ಇಲ್ಲವೇ ಇಲ್ಲ, ನನಗೆ ಹೇಳ್ತಾ ಇಲ್ಲ ಅಂತ..."

"ತಪ್ಪಾಯ್ತು."

"ತಪ್ಪಾಯ್ತು ಅಂದ್ರೆ ಆಗೋಯ್ತಾ? ನಿಮ್ಮ ಮಕ್ಕಳಿಗೆ ಹೀಗೆ ಮಾಡಿದ್ರೆ..."

ಅವಳು ಬೈಯುತ್ತ ಹೋದಳು. ನಾನು ಒಂದು ಮಾತಿಗೂ ಎದುರಾಡಲಿಲ್ಲ. ನಿಜ ಹೇಳುತ್ತೇನೆ, ಬೈಸಿಕೊಂಡಷ್ಟೂ ಎದೆ ಹಗುರವಾಗುತ್ತಿತ್ತು. ಗಂಡ ಬೈಯದೆ ಬಿಟ್ಟದ್ದನ್ನು ಇವಳಾದರೂ ಬಡ್ಡಿ ಸಮೇತ ಕೊಡುತ್ತಿದ್ದಳಲ್ಲ. ಬೈಸಿಕೊಳ್ಳುತ್ತಲೇ ಗಾಜಿನ ಗೋಡೆಯ ಬಳಿಗೆ ನಡೆದೆ. ಒಳಗೆ, ಮೂಲೆಯ ಪುಟ್ಟ ಕೋಣೆಯಲ್ಲಿ ಅವನು ಅಂಗಿ ಬಿಚ್ಚಿ ಕುರ್ಚಿಯಲ್ಲಿ ಒರಗಿದ್ದ. ಸಿಸ್ಟರ್ ಎರಡು ಕೈಯಲ್ಲಿ ಏನನ್ನೋ ಎತ್ತಿ ತಂದು ಅವನ ಎದೆಯ ಮೇಲೆ ಮಲಗಿಸಿದಳು. ಕೆಂಪಗೆ, ನನ್ನ ಅಂಗೈಗಿಂತ ಸ್ವಲ್ಪವೇ ದೊಡ್ಡದು, ತಲೆಗೆ ನೀಲಿ ಟೋಪಿ. ಅವನು ಬಸ್ಸು ಓಡಿಸುವ ದೊಡ್ಡ ಕೈಯನ್ನು ಅದರ ಬೆನ್ನಿನ ಮೇಲಿಟ್ಟ. ಮಗು ಪೂರ್ತಿ ಮುಚ್ಚಿಹೋಯಿತು.

ನಾನು ಫೋನನ್ನು ತಿರುಗಿಸಿ ಗಾಜಿಗೆ ಹಿಡಿದೆ.

ಬೈಗುಳ ಅರ್ಧಕ್ಕೇ ನಿಂತಿತು.

"ಸ್ವಲ್ಪ ಎಡಕ್ಕೆ," ಎಂದಳು ಆಮೇಲೆ.

ಎಡಕ್ಕೆ ಸರಿಸಿದೆ.

"ಅವರ ಕೈ ಅಡ್ಡ ಬರ್ತಿದೆ. ಮೇಲಕ್ಕೆ ಎತ್ತಿ... ಇನ್ನೂ... ಹಾಂ, ಕಂಡ್ಲು, ಕಂಡ್ಲು. ಅಲುಗಾಡಿಸಬೇಡಿ ಅಕ್ಕಾ. ಹಾಗೇ ಹಿಡ್ಕೊಂಡಿರಿ."

ತುದಿಗಾಲಲ್ಲಿ ನಿಂತು, ಎರಡು ಕೈಯನ್ನೂ ತಲೆಯ ಮೇಲೆ ಎತ್ತಿ, ಅವಳು ಸಾಕು ಎನ್ನುವವರೆಗೆ ಹಾಗೇ ಹಿಡಿದುಕೊಂಡಿದ್ದೆ.